ಬಾಳಪ್ಪ, ಅವನ ಹೀಟರು, ಅವನ ಟೇಪು

ದುಬೈಯಲ್ಲಿ ಗ್ಯಾರೇಜು ಬೆಚ್ಚಗಿಡಲು ಹೀಟರ್ ಇಟ್ಟಿದ್ದೆವು ಎಂದರೆ ಊರಲ್ಲಿ ಒಬ್ಬರೂ ನಂಬುವುದಿಲ್ಲ. ಅಲ್ಲಿ ಕಾರಿನ ಬಾನೆಟ್ ಮೇಲೆ ಮೊಟ್ಟೆ ಒಡೆದು ಹಾಕಿದರೆ ಬೇಯುತ್ತದಂತಲ್ಲ ಎಂದು ನನಗೇ ಪಾಠ ಹೇಳುತ್ತಾರೆ. ಅವರಿಗೆ ನಮ್ಮ ಗ್ಯಾರೇಜಿದ್ದ ರಾಸ್ ಅಲ್ ಖೋರಿನ ಜನವರಿ ಗೊತ್ತಿಲ್ಲ. ಬೆಳಿಗ್ಗೆ ಮಂಜು ಬಂದು ತಗಡಿನ ಶೆಡ್ಡಿನೊಳಗೆ ಕೂತರೆ ಬಿಸಿಲೇರಿದರೂ ಏಳುವುದಿಲ್ಲ. ಸ್ಪ್ಯಾನರ್ ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಅದಕ್ಕಿಂತ ದೊಡ್ಡ ರಗಳೆ ಪೇಂಟಿನದು. ಆ ತಂಡಿಯಲ್ಲಿ ಹೊಡೆದ ಪೇಂಟು ಒಣಗುವುದಿಲ್ಲ, ಹೊಳಪು ಸತ್ತು ಬೂದಿ ಬಳಿದ ಹಾಗೆ ಮಂಕಾಗುತ್ತದೆ. ದೊಡ್ಡ ಕಂಪನಿಗಳ ಗ್ಯಾರೇಜಿನಲ್ಲಿ ಅದಕ್ಕೆಂದೇ ಬಿಸಿ ಕೋಣೆ ಇರುತ್ತದೆ. ನಮ್ಮದರಲ್ಲಿ ಬಾಳಪ್ಪ ಇದ್ದ.

ನಾನು ಪುರಂದರ, ಕಾಪು ಕಡೆಯವನು. ಡೆಂಟಿಂಗ್ ನನ್ನ ಕೆಲಸ. ಗುದ್ದಿಸಿಕೊಂಡು ಬಂದ ಕಾರನ್ನು ಬಡಿದು ನೆಟ್ಟಗೆ ಮಾಡಿ ಬಾಳಪ್ಪನಿಗೆ ಒಪ್ಪಿಸುತ್ತಿದ್ದೆ, ಅವನು ಬಣ್ಣ ಹೊಡೆಯುತ್ತಿದ್ದ. ಗದಗಿನವನು. ಹುಬ್ಬಳ್ಳಿಯಲ್ಲಿ ಲಾರಿಗಳ ಮೇಲೆ ಕಮಲ, ಗರುಡ, ಮಾಲೀಕರ ಮಕ್ಕಳ ಹೆಸರು ಬರೆದುಕೊಂಡಿದ್ದವನು. ತಾರಾಬಾಯಿಯವರನ್ನು ಮದುವೆಯಾದ, ಅವರು ನರ್ಸ್ ಆಗಿ ದುಬೈಗೆ ಬಂದರು, ಇವನು ಹೆಂಡತಿಯ ವೀಸಾದ ಮೇಲೆ ಹಿಂದೆಯೇ ಬಂದ. ಅದನ್ನು ಹೇಳಲು ಅವನಿಗೆ ನಾಚಿಕೆಯಿರಲಿಲ್ಲ. ಅವನಿಗೆ ಈ ಲೋಕದಲ್ಲಿ ಇದ್ದ ವೈರಿ ಒಂದೇ, ಧೂಳು.

ಮರಳುಗಾಡಿಗೆ ಬಂದು ಧೂಳಿನ ಜತೆ ಜಗಳಕ್ಕೆ ನಿಂತವನಿಗೆ ಏನು ಹೇಳುವುದು? ಪೇಂಟ್ ರೂಮಿಗೆ ಸ್ವೆಟರ್ ಹಾಕಿಕೊಂಡು ಹೋಗುವಂತಿಲ್ಲ, ಉಣ್ಣೆಯ ಎಳೆ ಹಾರುತ್ತದೆ. ಅಲ್ಲಿ ಟವೆಲ್ ಕೊಡವುವಂತಿಲ್ಲ. ಸೀನು ಬಂದರೆ ರಸ್ತೆಗೆ ಓಡಬೇಕು. ನೆಲಕ್ಕೆ ನೀರು ಚಿಮುಕಿಸಿ, ಗೋಡೆಯ ತೂತುಗಳಿಗೆ ಪೇಪರ್ ತುರುಕಿ, ಕೊನೆಗೆ ಶಟರ್ ಇಳಿಸಿ, ಅದು ನೆಲ ಮುಟ್ಟುವ ಕಡೆ ಉದ್ದಕ್ಕೂ ಟೇಪು ಅಂಟಿಸುತ್ತಿದ್ದ. ಕಾಗದದ ಆ ಹಳದಿ ಟೇಪು ಸದಾ ಅವನ ಪ್ಯಾಂಟಿನ ಜೇಬಿನಲ್ಲಿ ಉಬ್ಬಿಕೊಂಡಿರುತ್ತಿತ್ತು. ಇಷ್ಟೆಲ್ಲಾ ನಾನು ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಹೀಟರ್ ಬಂತು.

ಮರುಭೂಮಿಯ ಯಾವುದೋ ಕ್ಯಾಂಪು ಮುಚ್ಚಿದಾಗ ಹರಾಜಿಗೆ ಬಂದ ಹಳೆ ಮಾಲು ಅದು. ಎರಡು ಚಕ್ರದ ಮೇಲೆ ಮಲಗಿದ ಉದ್ದನೆಯ ಕೊಳವೆ, ಕೆಳಗೆ ಡೀಸೆಲ್ ಟ್ಯಾಂಕು, ಒಳಗೆ ಬೆಂಕಿ, ಹಿಂದೆ ಫ್ಯಾನು. ಹಚ್ಚಿದರೆ ವಿಮಾನ ಮೇಲೇರುವಾಗಿನಷ್ಟು ಸದ್ದು. ಬಾಳಪ್ಪನ ಮುಖದಲ್ಲಿ ಮದುಮಗನ ಕಳೆ. ಮೊದಲು ಹೀಟರ್ ಹಚ್ಚಿ ಕೋಣೆ ಕಾಯಿಸಿ, ಆರಿಸಿ, ಪೇಂಟ್ ಹೊಡೆದು, ಥಿನ್ನರಿನ ವಾಸನೆ ಇಳಿದ ಮೇಲೆ ಮತ್ತೆ ಹಚ್ಚುತ್ತಿದ್ದ. ಬೆಂಕಿಗೂ ಥಿನ್ನರಿಗೂ ಆಗಿಬರುವುದಿಲ್ಲ ಎನ್ನುವಷ್ಟು ಬುದ್ಧಿ ಇತ್ತು, ಪುಣ್ಯ. ಮಧ್ಯಾಹ್ನ ಅದರ ಮುಂದೆಯೇ ಜೋಳದ ರೊಟ್ಟಿ ಬಿಸಿ ಮಾಡಿಕೊಂಡು ನನಗೂ ಒಂದು ಕೊಡುತ್ತಿದ್ದ. ಡೀಸೆಲ್ ಘಮ ಹೊಡೆಯುವ ರೊಟ್ಟಿ. ಬೇಡ ಎಂದರೆ ಮುಖ ಸಣ್ಣ ಮಾಡುತ್ತಿದ್ದ, ಅದಕ್ಕೆ ತಿನ್ನುತ್ತಿದ್ದೆ.

ನನ್ನ ತಲೆ ಕೆಡಿಸಿದ್ದು ಟೇಪು. ಡೀಸೆಲ್ ಉರಿಯಲು ಗಾಳಿ ಬೇಕು, ಉರಿದ ಹೊಗೆ ಹೊರಗೆ ಹೋಗಬೇಕು. ಅದರಲ್ಲಿರುವ ವಿಷಗಾಳಿಗೆ ಬಣ್ಣವೂ ಇಲ್ಲ, ಕಣ್ಣೂ ಉರಿಯುವುದಿಲ್ಲ, ಸುಮ್ಮನೆ ನಿದ್ದೆ ಬರಿಸಿ ಸಾಯಿಸುತ್ತದೆ. ಚಳಿಗೆ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿ ಪ್ರತಿ ಚಳಿಗಾಲದಲ್ಲೂ ಕಾರ್ಮಿಕರ ಯಾವುದಾದರೂ ಕ್ಯಾಂಪಿನಿಂದ ಬರುತ್ತಿತ್ತು.

"ಎಂತ ಮಾರಾಯ, ಸಾಯ್ಲಿಕ್ಕೆ ಮನಸ್ಸುಂಟಾ ನಿಂಗೆ? ಒಂದು ಗೇಣು ಎತ್ತಿಡು ಆ ಶಟರು!" ಎಂದು ನಾನು ಕೂಗುತ್ತಿದ್ದೆ.

"ಗೇಣು ಎತ್ತಿದ್ರ ಇಡೀ ಅರಬಸ್ಥಾನ ಒಳಗ ಬರ್ತೈತ್ರಿ ಪುರಂದರಣ್ಣ. ನೀವು ಬಡಿಯೋದು ನೋಡ್ಕೋರಿ" ಎನ್ನುತ್ತಿದ್ದ.

ನಾನು ಟೇಪು ಕೀಳುವುದು, ಅವನು ಮತ್ತೆ ಅಂಟಿಸುವುದು. ಆ ಚಳಿಗಾಲವಿಡೀ ಇದೇ ಆಯಿತು. ಸಂಜೆ ಹೊರಗೆ ಬಂದಾಗ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದ. ಕೇಳಿದರೆ, "ನಿಮ್ಮ ಸುತ್ತಿಗಿ ಸದ್ದಿಗೆ ತಲಿ ಒಡ್ಯಾಕತ್ತೈತ್ರಿ" ಎಂದು ನನ್ನ ಮೇಲೆಯೇ ಹಾಕುತ್ತಿದ್ದ! ಅವನ ಆ ಮಾತಿಗೆ ನನಗೆ ಸುತ್ತಿಗೆಯನ್ನು ಎಲ್ಲಿ ಬಡಿಯಬೇಕೆಂದು ಒಂದು ಯೋಚನೆ ಬರುತ್ತಿತ್ತು.

ಕೊನೆಗೆ ಒಂದು ಶುಕ್ರವಾರ ಸತ್ವಾದಲ್ಲಿದ್ದ ಅವನ ಮನೆಗೇ ಹೋಗಿ ತಾರಾಬಾಯಿಯವರಿಗೆ ದೂರು ಕೊಟ್ಟೆ. ಅವರು ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು.

"ರಜಾ ದಿವಸ ಇವರಿಗೆ ತಲಿನೋವು ಇರಂಗಿಲ್ಲ ನೋಡ್ರಿ. ನಾ ಅವತ್ತ ಹೇಳೀನಿ, ಅದು ಹೊಗಿ ಕುಡದಿದ್ದು ಅಂತ. ನನ್ನ ಮಾತು ಕೇಳಾಂಗಿದ್ರ ನೀವ್ಯಾಕ ಇಲ್ಲಿತನಕ ಬರ್ತಿದ್ರಿ?" ಎಂದರು.

ಮಗಳು ಅಕ್ಷರಾ ಟಿವಿಯಿಂದ ಕಣ್ಣು ತೆಗೆಯದೆ, "ಪಪ್ಪಾ ಈಸ್ ಲೈಕ್ ದಟ್ ಓನ್ಲಿ, ಅಂಕಲ್" ಎಂದಳು. ಬಾಳಪ್ಪ ನಮಗೆಲ್ಲ ಚಹಾ ತಂದಿಟ್ಟು, ಬೇರೆ ಯಾರದೋ ಸುದ್ದಿ ಎನ್ನುವಂತೆ ನಗುತ್ತಾ ಕೂತ. ಬೈದರೆ ತಿರುಗಿ ಬೈಯುವವನಾದರೆ ಸುಲಭ. ಇವನು ನಗುತ್ತಾನೆ.

ಮರುವಾರವೇ ಆ ಕಪ್ಪು ಮರ್ಸಿಡಿಸ್ ಬಂತು. ಒಬ್ಬ ಹಿರಿಯ ಅರಬ್ಬಿ ಅಜ್ಜನ ಹಳೆಯ ಕಾರು. ಕಪ್ಪು ಬಣ್ಣದ ಮೇಲೆ ಸಾಸಿವೆಯಷ್ಟು ಧೂಳು ಕೂತರೂ ಎದ್ದು ಕಾಣುತ್ತದೆ. ಕೊನೆಯ ಕೋಟು ಹೊಡೆಯುವ ದಿನ ಸರಿಯಾಗಿ ಶಮಾಲ್ ಗಾಳಿ ಎದ್ದಿತು. ಚಳಿ ತರುವುದೂ ಅದೇ, ಮರಳು ತರುವುದೂ ಅದೇ. ರಸ್ತೆಯಾಚೆಯ ಬೋರ್ಡು ಕಾಣುತ್ತಿರಲಿಲ್ಲ. ಇವತ್ತು ಬೇಡ ಎಂದು ಕೈ ಮುಗಿದೆ. ಅವನು ಶಟರಿನ ಕೆಳಗೆ ಮಾತ್ರವಲ್ಲ, ಎರಡೂ ಬದಿಗೆ ಮೇಲಿನವರೆಗೂ ಟೇಪು ಹಚ್ಚಿಕೊಂಡು ಒಳಗೆ ಕೂತ. ಪೇಂಟ್ ಹೊಡೆದಾಯಿತು. ಸ್ವಲ್ಪ ಹೊತ್ತಿನ ಮೇಲೆ ಹೀಟರ್ ಗರ್ಜಿಸತೊಡಗಿತು. ಸಾಯಲಿ ಅತ್ಲಾಗೆ ಎಂದುಕೊಂಡು ನಾನು ಸುಲೈಮಾನಿ ಚಹಾ ಕುಡಿಯಲು ಕೆಫೆಟೇರಿಯಾಗೆ ಹೋದೆ.

ವಾಪಸು ಬಂದವನು ರೂಢಿಯಂತೆ ಶಟರಿಗೆ ಅಂಗೈಯಿಂದ ಒಂದು ಬಡಿದೆ. ನಾನು ಬಡಿದಾಗಲೆಲ್ಲ ಒಳಗಿನಿಂದ, "ಧೂಳ್ರೀ!" ಎಂಬ ಕಿರುಚಾಟ ಬರಬೇಕು. ಬರಲಿಲ್ಲ. ಇನ್ನೊಮ್ಮೆ ಬಡಿದೆ. ಹೀಟರ್ ಮಾತ್ರ ತನ್ನ ಪಾಡಿಗೆ ಕೂಗುತ್ತಿತ್ತು. ಶಟರಿನ ಕೆಳಗೆ ಬೆರಳು ತೂರಿಸಿ ಎತ್ತಿದೆ. ಟೇಪು ಪರಪರನೆ ಹರಿಯಿತು, ಶಟರ್ ಮೇಲಕ್ಕೆ ಹೋಯಿತು, ನನ್ನ ಬೆನ್ನ ಹಿಂದಿನಿಂದ ಶಮಾಲ್ ತನ್ನ ಮರಳನ್ನೆಲ್ಲ ಹೊತ್ತುಕೊಂಡು ಆ ಹಸಿ ಕಪ್ಪು ಕಾರಿನ ಮೇಲೆ ಬಿತ್ತು.

ಬಾಳಪ್ಪ ಗೋಡೆಗೆ ಒರಗಿ ಕೂತಿದ್ದ. ಕುತ್ತಿಗೆ ವಾಲಿತ್ತು. ಮುಖ ಕೆಂಪಗೆ, ಆರೋಗ್ಯವಂತನ ಹಾಗೆ. ಕಂಕುಳಿಗೆ ಕೈಹಾಕಿ ರಸ್ತೆಗೆ ಎಳೆದು ತಂದೆ. ಕೆನ್ನೆಗೆ ಹೊಡೆದೆ. ತುಳುವಿನಲ್ಲಿ ಬೈದೆ, ಕನ್ನಡದಲ್ಲಿ ಬೈದೆ, ಗೊತ್ತಿದ್ದಷ್ಟು ಹಿಂದಿಯಲ್ಲೂ ಬೈದೆ. ಉಸಿರು ಸಣ್ಣಗೆ ಆಡುತ್ತಿತ್ತು. ಪಕ್ಕದ ಟೈರ್ ಅಂಗಡಿಯ ಪಠಾಣ ತನ್ನ ಪಿಕಪ್ ತಂದ, ಹಿಂದುಗಡೆ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದೆವು. ದಾರಿಯುದ್ದಕ್ಕೂ ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದೆ. ಮರಳು ಬಿದ್ದು ಕಣ್ಣಲ್ಲಿ ನೀರು ಬಂತು ಎಂದು ಹೇಳುವಷ್ಟು ಸುಳ್ಳುಗಾರ ನಾನಲ್ಲ.

ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು. ತಾರಾಬಾಯಿ ತಮ್ಮ ಆಸ್ಪತ್ರೆಯಿಂದ ಯೂನಿಫಾರ್ಮಿನಲ್ಲೇ ಓಡಿ ಬಂದು, ಗಂಡನ ನಾಡಿ ಹಿಡಿದು ನಿಂತರು. ಅವರ ತುಟಿ ನಡುಗುವುದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ಬಹಳ ಹೊತ್ತಿನ ಮೇಲೆ ಬಾಳಪ್ಪ ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ. ನನ್ನನ್ನು ನೋಡಿದ. ಮಾಸ್ಕನ್ನು ಪಕ್ಕಕ್ಕೆ ಸರಿಸಿ ಕೇಳಿದ:

"ಶಟರ್ ಯಾರ್ ತಗದ್ರು?"

ತಾರಾಬಾಯಿ ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ನನಗೆ ಮಾತ್ರ ಅವನನ್ನು ಮಂಚ ಸಮೇತ ಎತ್ತಿ ಶಮಾಲ್ ಗಾಳಿಗೆ ಬಿಸಾಡಬೇಕು ಎನ್ನಿಸಿತು.

ಕೆಲಸಕ್ಕೆ ವಾಪಸು ಬಂದವನು ಆ ಮರ್ಸಿಡಿಸಿನ ಸುತ್ತ ಒಂದು ಸುತ್ತು ಬಂದ, ಸತ್ತವರ ಮನೆಗೆ ಬಂದವರ ಹಾಗೆ. ಇಡೀ ಕಾರು ಮರಳು ಕಾಗದವಾಗಿತ್ತು. ನನ್ನ ಜತೆ ಮಾತು ಬಿಟ್ಟು, ಎಲ್ಲ ಉಜ್ಜಿ ತೆಗೆದು, ಹೊಸದಾಗಿ ಹೊಡೆದ. ಕಾರು ತೆಗೆದುಕೊಂಡು ಹೋಗಲು ಬಂದ ಅಜ್ಜ ಕಾರಿನ ಬಾಗಿಲ ಹೊಳಪಿನಲ್ಲಿ ತನ್ನ ಗಡ್ಡ ನೋಡಿಕೊಂಡು "ಝೈನ್, ಝೈನ್" ಎಂದು ಅರಬ್ಬಿಯಲ್ಲಿ ಮೆಚ್ಚಿಕೊಂಡ. ಆಗಲೂ ಬಾಳಪ್ಪ ನನ್ನತ್ತ ತಿರುಗಲಿಲ್ಲ. ಥ್ಯಾಂಕ್ಸ್ ಬೇಡ, ಜೀವ ಉಳಿಸಿದವನಿಗೆ ಒಂದು ಮುಗುಳ್ನಗೆಗೂ ಬರಗಾಲವೇ? ಬೇಸಿಗೆಯಲ್ಲಿ ಸಿಟ್ಟಿನಿಂದಲೇ ನಾನು ಊರಿಗೆ ರಜೆಯ ಮೇಲೆ ಹೋದೆ.

ತಿರುಗಿ ಬಂದ ದಿನ ಪೇಂಟ್ ರೂಮಿನ ಶಟರು ಅರ್ಧ ತೆರೆದಿತ್ತು. ಅದು ಜಾರುವ ಕಬ್ಬಿಣದ ಪಟ್ಟಿಯ ಮೇಲೆ, ನೆಲದಿಂದ ಸ್ವಲ್ಪ ಎತ್ತರಕ್ಕೆ, ಒಂದು ಕೆಂಪು ಗೆರೆ ಎಳೆದಿತ್ತು. ಇದಕ್ಕಿಂತ ಕೆಳಗೆ ಶಟರ್ ಇಳಿಯಬಾರದು ಎನ್ನುವ ಗುರುತು. ಪಕ್ಕದಲ್ಲಿ ಹುಬ್ಬಳ್ಳಿಯ ಲಾರಿಗಳ ಮೇಲಿರುತ್ತದಲ್ಲ, ಆ ದುಂಡು ಅಕ್ಷರಗಳಲ್ಲಿ, ಹಳದಿ ಅಂಚು, ನೀಲಿ ನೆರಳು ಕೊಟ್ಟು, ಕನ್ನಡದಲ್ಲಿ ಬರೆದಿತ್ತು: ಪುರಂದರಣ್ಣ. ಆ ಗ್ಯಾರೇಜಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

ಏನಾದರೂ ಹೇಳಬೇಕಲ್ಲ ಎಂದು ಬಗ್ಗಿ, ನೆಲಕ್ಕೂ ಗೆರೆಗೂ ನಡುವೆ ಕೈಯಿಟ್ಟು ಅಳೆದೆ. ಗೇಣಿಗೆ ಎರಡು ಬೆರಳು ಕಡಿಮೆ!

"ಬಾಳಪ್ಪಾ, ಗೇಣು ಅಂತ ಅಲ್ವಾ ನಾನು ಹೇಳಿದ್ದು?"

"ಧೂಳು ಬರ್ತೈತ್ರಿ" ಎಂದ, ಸ್ಪ್ರೇ ಗನ್ ತೊಳೆಯುತ್ತಾ.

ಮುಂದಿನ ಚಳಿಗಾಲ ಹೀಟರ್ ಹಚ್ಚಿದ ಮೊದಲ ದಿನ ನಾನು ಹೋಗಿ ಶಟರನ್ನು ನನ್ನ ಹೆಸರಿಗಿಂತ ಎರಡು ಬೆರಳು ಮೇಲೆ ಎತ್ತಿ ಬಂದೆ. ಅವನು ಕಂಡೂ ಕಾಣದವನಂತೆ ಇದ್ದ. ಟೇಪು ಮಾತ್ರ ಅವನ ಜೇಬಿನಲ್ಲಿ ಹಾಗೇ ಉಬ್ಬಿಕೊಂಡಿತ್ತು.