ಭಾವ ಹತ್ತನೆಯ ದೋಣಿಯನ್ನು ತಟ್ಟಿ ನೋಡಿದ್ದು

ನಮ್ಮ ಭಾವನನ್ನು ಕುರ್ಚಿಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಿಸಿದವರು ಯಾರಾದರೂ ಇದ್ದರೆ ಅವರಿಗೆ ನಾನು ಕೈ ಮುಗಿಯುತ್ತೇನೆ. ಅವರು ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಮನೆಗೆ ಬಂದರೆ ಮೊದಲು ಬಾಗಿಲ ಚೌಕಟ್ಟನ್ನು ಬೆರಳಗಂಟಿನಿಂದ ತಟ್ಟುತ್ತಾರೆ, ಆಮೇಲೆ ಮೇಜು, ಆಮೇಲೆ ಗೋಡೆ. ಒಮ್ಮೆ ನನ್ನ ಹೆಂಡತಿ ಕಾಫಿ ಕೊಟ್ಟಾಗ ಲೋಟವನ್ನೂ ತಟ್ಟಿ ನೋಡಿದರು. ನಮ್ಮ ದೋಣಿ ಯಾರ್ಡಿನಲ್ಲಿ ಅವರಿಗೆ ‘ಟಕಟಕ’ ಅಂತಲೇ ಹೆಸರು. ನಾನು ಅದೇ ಯಾರ್ಡಿನ ಶೆಡ್ಡಿನಲ್ಲಿ ಹಾಯಿ ಹೊಲಿಯುವವನು, ಹಾಗಾಗಿ ಈ ಟಕಟಕ ನನಗೆ ಮನೆಯಲ್ಲೂ ತಪ್ಪಿದ್ದಲ್ಲ, ಕೆಲಸದಲ್ಲೂ ತಪ್ಪಿದ್ದಲ್ಲ.

ತಟ್ಟುವುದೇ ಅವರ ಕಸುಬು. ಹಳೆಯ ಹಾಯಿದೋಣಿ ಕೊಳ್ಳುವವರು ದುಡ್ಡು ಕೊಡುವ ಮೊದಲು ಅವರನ್ನು ಕರೆಯುತ್ತಾರೆ. ದೋಣಿಯ ಡೆಕ್ಕು, ಅಂದರೆ ನಾವು ಮೇಲೆ ಓಡಾಡುವ ಆ ಬಿಳಿ ನೆಲ, ನೋಡಲು ಕಲ್ಲಿನ ಹಾಗೆ ಗಟ್ಟಿ. ಆದರೆ ಅದು ಎರಡು ತೆಳು ಫೈಬರ್ ಹಾಳೆ, ನಡುವೆ ಬೆಂಡಿನಂಥ ಹಗುರ ಮರ. ಒಂದು ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಸಂದಿ ಸಿಕ್ಕರೆ ಸಾಕು, ನೀರು ಒಳಗಿಳಿದು ವರ್ಷಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತದೆ. ಮರ ಕೊಳೆಯುತ್ತದೆ, ಮೇಲಿನ ಬಿಳುಪು ಮಾತ್ರ ಹಾಗೇ ಇರುತ್ತದೆ. ಭಾವ ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆಯಿಂದ ಅಂಗುಲ ಅಂಗುಲವನ್ನೂ ತಟ್ಟುತ್ತಾರೆ. ‘ಟಕ್’ ಎಂದರೆ ಒಣಗಿದೆ, ‘ದಬ್’ ಎಂದರೆ ಕೊಳೆತಿದೆ. ಸಂಶಯ ಬಂದಲ್ಲಿ ತೇವ ಅಳೆಯುವ ಮೀಟರ್ ಇಡುತ್ತಾರೆ. ಆಮೇಲೂ ಸಂಶಯ ಉಳಿದರೆ ಕೆಳಗಿನಿಂದ ಸಣ್ಣ ತೂತು ಕೊರೆದು ಮರದ ಪುಡಿಯನ್ನು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಸಂಶಯ ಉಳಿಯದ ದಿನವನ್ನು ನಾನಂತೂ ಕಂಡಿಲ್ಲ.

ಇದಕ್ಕೆ ಕಾರಣ ಇಲ್ಲದಿಲ್ಲ. ಕೆಲಸಕ್ಕೆ ಇಳಿದ ಎರಡನೆಯ ವರ್ಷ ಒಂದು ದೋಣಿಗೆ ‘ಪರವಾಗಿಲ್ಲ’ ಎಂದು ಬರೆದುಕೊಟ್ಟಿದ್ದರು. ತಿಂಗಳೊಳಗೆ ಅದನ್ನು ಕೊಂಡವನ ಕಾಲು ಡೆಕ್ಕನ್ನು ಒಡೆದುಕೊಂಡು ತೊಡೆಯವರೆಗೆ ಇಳಿದು ಮೂಳೆ ಮುರಿಯಿತು. ಆತ ಬೈಯಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ, “ಪಾಪ, ನಿಮಗೂ ಗೊತ್ತಾಗಿರ್ಲಿಲ್ಲ ಬಿಡಿ” ಎಂದನಂತೆ. ಬೈದಿದ್ದರೆ ಭಾವ ಎಂದೋ ಮರೆಯುತ್ತಿದ್ದರೋ ಏನೋ. ಅಂದಿನಿಂದ ಗಿರಾಕಿಗಳಿಗೆ ಎಲ್ಲಿ ತೇವ, ಎಷ್ಟು ತೇವ, ಅದಕ್ಕೆ ಏನು ಮಾಡಬೇಕು ಎಂದಷ್ಟೇ ಬರೆದುಕೊಡುತ್ತಾರೆ. ಕೊಳ್ಳುವುದು ಬಿಡುವುದು ಅವರವರ ಹಣೆಬರಹ.

ತೊಂದರೆ ಶುರುವಾದದ್ದು ಭಾವ ತಾವೇ ಗಿರಾಕಿಯಾದಾಗ. ಮಗಳ ಮದುವೆಯಾದ ವರ್ಷ ಅಕ್ಕನಿಗೆ ಮಾತು ಕೊಟ್ಟಿದ್ದರು: ಒಂದು ಹಳೆಯ ದೋಣಿ ಕೊಳ್ಳೋಣ, ಬೇಸಿಗೆಯಿಡೀ ಇಬ್ಬರೇ ದಡದ ಗುಂಟ ಹೋಗೋಣ. ಮೂವತ್ತು ವರ್ಷ ಬೇರೆಯವರ ದೋಣಿಗಳ ಸುದ್ದಿಯನ್ನು ಊಟದ ಜೊತೆ ನಂಚಿಕೊಂಡ ಅಕ್ಕ ಒಂದು ರಾತ್ರಿಯೂ ದೋಣಿಯಲ್ಲಿ ಮಲಗಿದವಳಲ್ಲ. ಏಳು ವರ್ಷವಾಯಿತು, ಒಂಬತ್ತು ದೋಣಿಯಾಯಿತು. ಒಂದಕ್ಕೆ ಕಿಟಕಿಯ ಅಂಚು ಸರಿಯಿಲ್ಲ, ಇನ್ನೊಂದಕ್ಕೆ ಹಾಯಿಕಂಬದ ಬುಡ. ಮತ್ತೊಂದು ಪೂರ್ತಿ ಒಣಗಿತ್ತು. “ಇಷ್ಟು ಹಳೇ ದೋಣಿ ಇಷ್ಟು ಒಣಗಿರೋದು ಅಂದ್ರೇನು? ಏನೋ ಮುಚ್ಚಿಟ್ಟಿದಾರೆ” ಎಂದು ಅದನ್ನೂ ಬಿಟ್ಟರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ಕಂಡಿದ್ದೇನೆ. ಕಲ್ಲು ಸಿಗಲಿಲ್ಲವಲ್ಲ ಎಂದು ಮೊಸರನ್ನೇ ಚೆಲ್ಲಿದವರು ಇವರೊಬ್ಬರೇ.

ಅಷ್ಟರಲ್ಲಿ ಅಕ್ಕನ ಮಂಡಿಗಳು ಕೈಕೊಡತೊಡಗಿದವು. “ಏಣಿ ಗೀಣಿ ಮರೆತುಬಿಡಿ, ಬರೋ ವರ್ಷ ಮನೆ ಮೆಟ್ಟಿಲೂ ಕಷ್ಟ” ಎಂದು ಡಾಕ್ಟರು ಹೇಳಿದ್ದು ನನಗೊಬ್ಬನಿಗೇ ಗೊತ್ತು, ಕರೆದುಕೊಂಡು ಹೋದವನು ನಾನು.

“ನಿಮ್ಮ ಭಾವಂಗೆ ಹೇಳ್ಬೇಡ ಕಣೋ,” ಎಂದಳು ಅಕ್ಕ ಹೊರಗೆ ಬಂದು. “ಹೇಳಿದ್ರೆ ನನ್ನ ಮಂಡಿ ತಟ್ಟೋಕೆ ಶುರು ಮಾಡ್ತಾರೆ.”

ನನಗೆ ನಗು ಬರಲಿಲ್ಲ. ಈ ಬೇಸಿಗೆ ಹೋಗದಿದ್ದರೆ ಅವಳು ಇನ್ನು ಹೋಗುವುದೇ ಇಲ್ಲ. ಭಾವನ ಮೇಲೆ ನನಗೆ ಸಿಟ್ಟಿತ್ತು, ಹಲ್ಲು ಕಡಿಯುವಷ್ಟು ಸಿಟ್ಟು.

ಹತ್ತನೆಯ ದೋಣಿ ಒಬ್ಬ ನಿವೃತ್ತ ನರ್ಸಮ್ಮನದು. ನೀಲಿ ಬಣ್ಣದ ಚಿಕ್ಕ ದೋಣಿ. ಯಾರ್ಡಿನ ನೆಲದ ಮೇಲೆ, ಕಬ್ಬಿಣದ ಆಸರೆಗಳ ನಡುವೆ ನಿಲ್ಲಿಸಿದ್ದರು. ಡೆಕ್ಕು ಆಳೆತ್ತರಕ್ಕಿಂತ ಮೇಲೆ, ಏಣಿ ಹತ್ತಿಯೇ ಹೋಗಬೇಕು. ಅಕ್ಕ ಮೊದಲ ದಿನ ಹೇಗೋ ಹಲ್ಲು ಕಚ್ಚಿಕೊಂಡು ಹತ್ತಿದಳು. ಒಳಗಿನ ಎರಡು ಹಾಸಿಗೆ, ಕೈಯಗಲದ ಸಿಂಕು, ದುಂಡು ಕಿಟಕಿ ನೋಡಿ, “ಇದೇ ಸಾಕು ಕಣ್ರಿ” ಎಂದಳು. ಹಿಂದಿನ ದಿನ ಮಳೆ ಬಂದಿದೆ, ಈಗ ಮೀಟರ್ ಇಟ್ಟರೆ ಸುಳ್ಳು ಹೇಳುತ್ತದೆ, ನಾಲ್ಕು ದಿನ ಬಿಸಿಲು ಬೀಳಲಿ ಎಂದರು ಭಾವ. ಆ ನಾಲ್ಕು ದಿನ ಅವರು ಮೋಡ ನೋಡುತ್ತ ಯಾರ್ಡಿಗೆ ಎಷ್ಟು ಸುತ್ತು ಹಾಕಿದರೋ, ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ.

ಐದನೆಯ ದಿನ ಮೀಟರ್ ಇಟ್ಟರೆ ಮುಂಭಾಗದ ಡೆಕ್ಕಿನಲ್ಲಿ ಮುಳ್ಳು ಹೋಗಿ ತುದಿಗೆ ಬಡಿಯಿತು. ಭಾವ ಆಚೆ ಇಟ್ಟರು, ಈಚೆ ಇಟ್ಟರು, ಎಲ್ಲ ಕಡೆ ಒಂದೇ ಕಥೆ.

“ಮುಗೀತು. ಪೂರ್ತಿ ನೆನೆದಿದೆ. ನಡೀರಿ ಹೋಗೋಣ.”

ಕೆಳಗೆ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ಕೂಗಿ ಕೇಳಿದಳು: “ರೀ, ಅದರ ಕೆಳಗೇ ಅಲ್ವಾ ಕುಡಿಯೋ ನೀರಿನ ಟ್ಯಾಂಕು ಇರೋದು? ಖಾಲಿ ಮಾಡಿಸಿದ್ರಾ?”

ಖಾಲಿ ಮಾಡಿಸಿರಲಿಲ್ಲ. ಟ್ಯಾಂಕು ಡೆಕ್ಕಿಗೆ ಅಂಟಿಕೊಂಡಿತ್ತು, ಮೀಟರ್ ಅದರೊಳಗಿನ ನೀರನ್ನೇ ಓದುತ್ತಿತ್ತು. ಮೊದಲು ಟ್ಯಾಂಕು ಖಾಲಿ ಮಾಡಿಸಿ ಎಂದು ಊರಿಗೆಲ್ಲ ಪಾಠ ಹೇಳುವವರು ತಮ್ಮ ದೋಣಿಯ ಹೊತ್ತಿಗೆ ಅದನ್ನೇ ಮರೆತಿದ್ದರು. ನರ್ಸಮ್ಮ ಟ್ಯಾಂಕು ಖಾಲಿ ಮಾಡಿಸಿದರು, ಮುಳ್ಳು ತೆಪ್ಪಗೆ ಕೆಳಗಿಳಿಯಿತು. ಅಬ್ಬಾ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಎಡ ಅಂಚಿನಿಂದ ಸದ್ದು ಬಂತು: ದಬ್. ಮತ್ತೊಮ್ಮೆ: ದಬ್.

ಕೈಯಾಸರೆಗೆಂದು ಅಂಚಿಗೆ ಬಿಗಿದ ಎರಡು ಕಂಬಿಗಳ ಬುಡದಲ್ಲಿ ಒಂದೊಂದು ಗೇಣಿನಷ್ಟು ಜಾಗ. ಭಾವ ಒಳಗೆ ಹೋಗಿ ತೂತು ಕೊರೆದರು. ಕಂದು ಬಣ್ಣದ ಒದ್ದೆ ಪುಡಿ ಬಂತು.

“ನೋಡಿದ್ಯಾ? ನಾ ಹೇಳ್ಲಿಲ್ವಾ?” ಎಂದು ಅದನ್ನು ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದರು. “ಇಷ್ಟು ಕಾಣ್ತಿದೆ ಅಂದ್ರೆ ಕಾಣದೇ ಇರೋದು ಎಷ್ಟೋ.”

“ಭಾವ, ಎರಡು ಗೇಣು. ಬೇರೆಯವರ ದೋಣಿಯಾಗಿದ್ರೆ ಏನು ಬರೀತಿದ್ರಿ?”

“ಬೋಲ್ಟಿಗೆ ಅಂಟು ತುಂಬಿ, ಆ ಕಂಬಿಗಳ ಮೇಲೆ ಭಾರ ಹಾಕದೆ ಈ ಬೇಸಿಗೆ ಓಡಿಸಬಹುದು, ಆಮೇಲೆ ಬಿಚ್ಚಿ ಮರ ಬದಲಾಯಿಸಬೇಕು ಅಂತ.” ತಡವರಿಸದೆ ಹೇಳಿದರು. ಮರುಕ್ಷಣವೇ, “ಆದ್ರೆ ಇದು ನಿಮ್ಮಕ್ಕ ಕಣೋ” ಎಂದರು.

ನನ್ನ ಸಿಟ್ಟಿಗೆ ಆಗ ಏನು ಮಾಡಬೇಕೋ ತಿಳಿಯಲಿಲ್ಲ. ಏಣಿ ಇಳಿದು ಕೆಳಗೆ ಬಂದೆ.

ನರ್ಸಮ್ಮ ಗಡಿಯಾರ ನೋಡಿಕೊಂಡರು. ಮೂರು ಗಂಟೆಗೆ ದೋಣಿ ನೋಡಲು ಇನ್ನೊಬ್ಬರು ಬರುವವರಿದ್ದರು. “ನೀವು ಮೀನಮೇಷ ಎಣಿಸ್ತಾ ಇದ್ರೆ ನಾನು ಕಾಯೋಕಾಗಲ್ಲಪ್ಪ.” ಭಾವ ಡೆಕ್ಕಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದರು, ಈ ತುದಿಯಿಂದ ಆ ತುದಿಗೆ ನಡೆದರು. ಇನ್ನೆರಡು ದಿನ ಬಿಸಿಲು ನೋಡೋಣ ಎಂದರು. ಇನ್ನೊಂದು ತೂತು ಕೊರೆದು ನೋಡೋಣ ಎಂದರು.

“ನಾನೇ ಬಂದು ನೋಡ್ತೀನಿ,” ಎಂದು ಅಕ್ಕ ಎದ್ದಳು. ನಾನು ಬೇಡ ಎನ್ನುವಷ್ಟರಲ್ಲಿ ಏಣಿಗೆ ಕಾಲಿಟ್ಟಿದ್ದಳು. ಓಡಿಹೋಗಿ ಏಣಿ ಹಿಡಿದುಕೊಂಡೆ. ಒಂದು, ಎರಡು, ಮೂರು. ನಾಲ್ಕನೆಯ ಮೆಟ್ಟಿಲಲ್ಲಿ ನಿಂತಳು. ಮೇಲಕ್ಕೆತ್ತಿದ ಕಾಲು ಮಡಚಲೂ ಇಲ್ಲ, ಕೆಳಗಿಳಿಯಲೂ ಇಲ್ಲ. ಅವಳ ಬೆವರು ನನ್ನ ಕೈಮೇಲೆ ಬಿತ್ತು.

“ಆಗ್ತಿಲ್ಲ ಕಣ್ರಿ,” ಎಂದಳು ಮೇಲೆ ನೋಡಿ. “ಹೋದ ವಾರ ಆಗಿತ್ತು. ಇವತ್ತು ಆಗ್ತಿಲ್ಲ. ಇನ್ಮೇಲೆ ಆಗಲ್ಲ ಅಂತ ಡಾಕ್ಟ್ರು ಹೇಳಿದಾರೆ.”

ಭಾವ ಅಂಚಿಗೆ ಬಂದು ಬಗ್ಗಿ ನೋಡಿದರು. ಸುತ್ತಿಗೆ ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಅಷ್ಟು ಹೊತ್ತು ಅವರು ಅಲುಗಾಡದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಕ್ಕನನ್ನು ನಾನು ಮೆಲ್ಲಗೆ ಇಳಿಸಿಕೊಂಡೆ. ಅವರೂ ಇಳಿದು ಬಂದು ಅವಳ ಪಕ್ಕ ನೆಲದ ಮೇಲೆ ಕೂತರು.

ಆಮೇಲೆ ನರ್ಸಮ್ಮನ ಕಡೆ ತಿರುಗಿ, “ತಗೊಂಡ್ವಿ” ಎಂದರು. ದೋಣಿ ಎತ್ತಿ ಇಳಿಸುವ ಯಾರ್ಡಿನ ಕ್ರೇನಿನವನಿಗೆ ಕೂಗಿ ಹೇಳಿದರು: “ಇದನ್ನ ಇವತ್ತೇ ನೀರಿಗಿಳಿಸಪ್ಪ.”

“ಇವತ್ತೇನಾ? ನೀವಾ ಹೇಳ್ತಿರೋದು?” ಎಂದ ಕ್ರೇನಿನವನು.

ಮಧ್ಯಾಹ್ನವೆಲ್ಲ ಭಾವ ಬೋಲ್ಟುಗಳಿಗೂ ತೂತುಗಳಿಗೂ ಅಂಟು ತುಂಬಿದರು. ಆ ಎರಡು ಕಂಬಿಗಳಿಗೆ, ಹಿಡಿಯಬಾರದು ಎಂಬ ಗುರುತಿಗೆ, ಹಾಯಿಯ ಕೆಂಪು ಚೂರು ಕಟ್ಟಿದವನು ನಾನು. ಐದು ಗಂಟೆಗೆ ದೋಣಿ ನೀರಿನಲ್ಲಿತ್ತು. ನೆಲದ ಮೇಲೆ ಅಷ್ಟೆತ್ತರದಲ್ಲಿದ್ದ ಡೆಕ್ಕು ಈಗ ದೋಣಿ ಕಟ್ಟುವ ಜೆಟ್ಟಿಯ ಮಟ್ಟಕ್ಕೆ ಬಂದಿತ್ತು. ಏಣಿ ಬೇಕಿಲ್ಲ, ಒಂದೇ ಹೆಜ್ಜೆ.

ಅಕ್ಕ ಅಂಚಿಗೆ ಬಂದಳು. ಕೈ ತಾನಾಗಿಯೇ ಕಂಬಿಯ ಕಡೆ ಹೋಯಿತು.

“ಅದು ಬೇಡ ಕಣೇ, ಅದನ್ನ ನಂಬೋ ಹಾಗಿಲ್ಲ,” ಎಂದರು ಡೆಕ್ಕಿನ ಮೇಲಿದ್ದ ಭಾವ. “ನನ್ನ ಕೈ ಹಿಡ್ಕೋ.”

“ಇದು ಗಟ್ಟಿ ಇದೆಯಾ?”

“ಗೊತ್ತಿಲ್ಲ,” ಎಂದರು ಭಾವ. “ಬಾ.”