ಹೊಸಕೆರೆಹಳ್ಳಿ ಅನ್ನೋ ಬ್ರಾಂಚು

ಹೊಸಕೆರೆಹಳ್ಳಿಯಲ್ಲಿ ಒಂದು ಮೆಡಿಕಲ್ ಸ್ಟೋರ್ ಇತ್ತು. ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟ ಮೊದಮೊದಲಿನ ಅಂಗಡಿಗಳಲ್ಲಿ ಅದೂ ಒಂದು. ಅದು ಮುಚ್ಚಿ ಬಹಳ ಕಾಲವಾಯಿತು. ಈಗ ಅಲ್ಲಿ ಮೋಮೋ ಮಾರುತ್ತಾರೆ. ಆದರೆ ನಮ್ಮ ಆಫೀಸಿನ ಸರ್ವರಿನಲ್ಲಿ ಹೊಸಕೆರೆಹಳ್ಳಿ ಅನ್ನೋ ಹೆಸರು ಉಳಿದುಕೊಂಡಿತ್ತು. ಆ ಹೆಸರಿನಡಿ ನಾನು ಮಾಡಿದ ಕೆಲಸ ಹೇಗೆ ಹೋಯಿತು, ಎಷ್ಟು ವಾಪಸ್ ಬಂತು ಅನ್ನೋದೇ ಈ ಬರಹ.

ಆಫೀಸು ಅಂದರೆ ಬನಶಂಕರಿ ಸೆಕೆಂಡ್ ಸ್ಟೇಜಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಎರಡು ರೂಮು. ನಾನು, ನಮ್ಮಕ್ಕನ ಗಂಡ, ಫೋನ್ ನೋಡಿಕೊಳ್ಳೋಕೆ ಒಬ್ಬರು ಮೇಡಂ. ಭಾವ ಡಿಗ್ರಿ ಮಾಡಿದವರು. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಜಯನಗರ ಫೋರ್ತ್ ಬ್ಲಾಕಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ, ಅಲ್ಲಿಂದ ಡಿಟಿಪಿ, ಅಲ್ಲಿಂದ ಕಂಪ್ಯೂಟರ್ ಅಸೆಂಬ್ಲಿಂಗ್, ಅಲ್ಲಿಂದ ಕೋಡು. ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಭಾವನಷ್ಟೇ ಕೆಲಸ ನನಗೂ ಬರುತ್ತದೆ, ನನ್ನಷ್ಟೇ ಅವರಿಗೂ ಬರುತ್ತದೆ. ಅದಕ್ಕೇ ಬೋರ್ಡಿನಲ್ಲಿ ಇಬ್ಬರ ಹೆಸರೂ ಒಂದೇ ಸೈಜಿನಲ್ಲಿದೆ. ಹಾಗೆ ಬರೆಸಿದವನು ನಾನೇ.

ಕೋಡ್ ಬರೆಯುವವರು ಮಾಡಿದ್ದನ್ನೆಲ್ಲ ಹಂತಹಂತವಾಗಿ ಕೂಡಿಡುತ್ತಾರೆ. ಒಂದು ಹಂತ ಮುಗಿದರೆ, ಏನು ಮಾಡಿದೆ ಅಂತ ಒಂದು ಸಾಲು ಬರೆದು ಇಡೋದು. ಅದು ಕಮಿಟ್. ಎಲ್ಲರಿಗೂ ಸೇರಿದ್ದು ಮೇನ್. ಅದನ್ನ ಕೆಡಿಸದೆ ಪಕ್ಕದಲ್ಲಿ ಬೇರೆ ಕೆಲಸ ಮಾಡಿಕೊಳ್ಳೋಕೆ ಬ್ರಾಂಚು. ಬೇರೆ ಕಡೆ ಬ್ರಾಂಚಿಗೆ ಕೆಲಸದ ಹೆಸರಿಡುತ್ತಾರೆ. ನಾವು ಮೊದಲಿಂದಲೂ ಅಂಗಡಿ ಇರೋ ಏರಿಯಾದ ಹೆಸರಿಡುತ್ತಿದ್ದೆವು. ತಲಘಟ್ಟಪುರ ಅಂದರೆ ಅಕ್ಕಿ ಮಂಡಿ, ಪದ್ಮನಾಭನಗರ ಅಂದರೆ ಹಾರ್ಡ್‌ವೇರ್. ಫೋನಿನಲ್ಲಿ ಮಾತಾಡೋಕೆ ಸುಲಭ. ಹೊಸಕೆರೆಹಳ್ಳಿ ಅಂದರೆ ಔಷಧಿ. ಹಾಗಾಗಿ ಮತ್ತೊಬ್ಬರು ಔಷಧಿಯ ಕೆಲಸ ತಂದಾಗ ನಾನು ಹೊಸ ಬ್ರಾಂಚು ತೆಗೆಯಲಿಲ್ಲ. ಹಳೆಯದರಲ್ಲಿ ಬ್ಯಾಚ್ ನಂಬರಿನ ಕೆಲಸ ಅರ್ಧ ಆಗಿತ್ತು, ಅಲ್ಲಿಂದಲೇ ಮುಂದುವರಿಸಿದೆ.

ಹೊಸ ಗಿರಾಕಿಗೆ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ.ನಲ್ಲಿ ಒಂದೊಂದು ಮೆಡಿಕಲ್ ಸ್ಟೋರ್. ತಾರೀಖು ಮುಗಿಯೋಕೆ ಬಂದ ಮಾತ್ರೆಗಳನ್ನ ಟೈಮಿಗೆ ಸರಿಯಾಗಿ ಡಿಸ್ಟ್ರಿಬ್ಯೂಟರಿಗೆ ವಾಪಸ್ ಕಳಿಸಬೇಕು, ಇಲ್ಲದಿದ್ದರೆ ಅವರು ತಗೊಳ್ಳುವುದಿಲ್ಲ. ಅದನ್ನ ಕಂಪ್ಯೂಟರೇ ಹೇಳಬೇಕು. ಇಡೀ ಸ್ಟ್ರಿಪ್ ಆದರೆ ಸುಲಭ. ಕಷ್ಟ ಇರೋದು ಕತ್ತರಿಸಿದ ಸ್ಟ್ರಿಪ್ಪಿನಲ್ಲಿ. ಜನ ನಾಲ್ಕು ಮಾತ್ರೆ ಕೊಡಿ ಅನ್ನುತ್ತಾರೆ, ಅಂಗಡಿಯವನು ಕತ್ತರಿ ಹಾಕುತ್ತಾನೆ, ತಾರೀಖು ಅಚ್ಚಾದ ತುದಿ ಗಿರಾಕಿಯ ಜೊತೆ ಹೋಗಿಬಿಡುತ್ತದೆ. ಉಳಿದ ಅರ್ಧ ಯಾವ ಬ್ಯಾಚಿನದ್ದು, ಯಾವಾಗಿನದ್ದು, ಯಾರಿಗೂ ಗೊತ್ತಿರುವುದಿಲ್ಲ.

ಈ ಕೆಲಸದ ಹೆಚ್ಚಿನ ಪಾಲು ನಾನು ಅಂಜನಾಪುರದಲ್ಲಿ, ಅಕ್ಕನ ಮನೆಯಲ್ಲಿ ಕೂತು ಮಾಡಿದ್ದು. ಅಮ್ಮ ಅಲ್ಲಿ ಹಾಸಿಗೆ ಹಿಡಿದಿದ್ದಳು. ಹಗಲು ನನ್ನ ಪಾಳಿ. ಅಕ್ಕ ಅಡುಗೆ, ಸ್ನಾನ, ಬಟ್ಟೆ ಎಲ್ಲ ನೋಡಿಕೊಂಡರೆ ನಾನು ಮಂಚದ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಟೆಸ್ಟ್ ಮಾಡೋಕೆ ಔಷಧಿಗಳ ಹೆಸರು ಬೇಕಲ್ಲ, ಅಮ್ಮನ ಮಾತ್ರೆ ಡಬ್ಬಿಯಲ್ಲಿದ್ದವನ್ನೇ ನೋಡಿ ಟೈಪ್ ಮಾಡುತ್ತಿದ್ದೆ. ಹಾಲಿನಲ್ಲಿ ಭಾವನ ಕಂಪ್ಯೂಟರ್. ಅವರು ಆಫೀಸಿಗೆ ಹೊರಡೋ ಮುಂಚೆ ಅದರಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡುತ್ತಿದ್ದರು.

ಶ್ರಾವಣದಲ್ಲಿ ಅಮ್ಮ ಹೋದಳು. ಮಲಗಿಸೋಕೆ ಹಾಲ್ ಖಾಲಿ ಮಾಡಬೇಕಾಯಿತು. ಸೋಫಾ ಹೊರಗೆ ಹೋಯಿತು. ಕಂಪ್ಯೂಟರಿನ ವೈರೆಲ್ಲ ಕಿತ್ತು, ಮೇಜಿನ ಸಮೇತ ಯಾರೋ ಅದನ್ನ ಅಮ್ಮನ ರೂಮಿಗೆ ತಳ್ಳಿದರು. ಕಾರ್ಯ ಮುಗಿದ ಮೇಲೆ ಸೋಫಾ ಒಳಗೆ ಬಂತು, ಕಂಪ್ಯೂಟರ್ ಅಲ್ಲೇ ಉಳಿಯಿತು. ನಾನು ಆಫೀಸಿಗೆ ಹೋಗೋಕೆ ಶುರು ಮಾಡಿದೆ. ಕೆಲಸ ಮುಗಿಸಿದೆ. ಕತ್ತರಿಸಿದ ಸ್ಟ್ರಿಪ್ಪಿನ ಭಾಗ ಪೂರ್ತಿ ಬರೆದದ್ದು ಆ ದಿನಗಳಲ್ಲೇ. ಓಡಿಸಿ ನೋಡಿ ಸರಿ ಇದೆ ಅಂತ ಸರ್ವರಿಗೆ ಕಳಿಸಿದ್ದು ಗೊತ್ತು. ಬರೆದದ್ದು ಗೊತ್ತಿಲ್ಲ. ಮಧ್ಯಾಹ್ನ ಊಟ ಮಾಡಿದೆನಾ ಅಂತ ಮೇಡಂ ಕೇಳಿದರೆ ಡಬ್ಬಿ ತೆಗೆದು ನೋಡಿ ಹೇಳಬೇಕಾಗುತ್ತಿತ್ತು, ಹಾಗಿತ್ತು.

ನನ್ನ ಲ್ಯಾಪ್‌ಟಾಪ್ ಹಳೆಯದಾಗಿತ್ತು, ಮುಚ್ಚಳ ನಿಲ್ಲುತ್ತಿರಲಿಲ್ಲ. ದಸರಾ ಆಫರಿನಲ್ಲಿ ಎಕ್ಸ್‌ಚೇಂಜ್‌ಗೆ ಕೊಟ್ಟೆ. ಕೊಡೋ ಮುಂಚೆ ಎಲ್ಲ ಸರ್ವರಿಗೆ ಹೋಗಿದೆಯಾ ಅಂತ ನೋಡಿ, ಫಾರ್ಮ್ಯಾಟ್ ಮಾಡಿ ಕೊಟ್ಟೆ. ನಿಯಮದ ಪ್ರಕಾರವೇ ಮಾಡಿದ್ದು.

ನಮ್ಮಲ್ಲಿ ಆಯುಧಪೂಜೆಯ ಹಿಂದಿನ ದಿನ ದೊಡ್ಡ ಕ್ಲೀನಿಂಗ್. ಕೆಳಗಿನ ಗಿರಣಿಯಿಂದ ಹಿಟ್ಟಿನ ಧೂಳು ಕೀಬೋರ್ಡಿನ ಸಂದಿಗೆಲ್ಲ ಬಂದಿರುತ್ತದೆ. ಎಲ್ಲ ಬಿಚ್ಚಿ ಬ್ರಶ್ ಹಾಕಿ, ಕೊನೆಗೆ ಸರ್ವರ್. ಭಾವ ಕೂತು ಒಂದೊಂದೇ ಬ್ರಾಂಚಿನ ಹೆಸರು ಗಟ್ಟಿಯಾಗಿ ಓದುತ್ತಾರೆ. ಬೇಕಾದವರು "ಬೇಕು" ಅನ್ನಬೇಕು. ಯಾರೂ ಮಾತಾಡದಿದ್ದರೆ ಡಿಲೀಟ್. ಪ್ರತಿ ವರ್ಷ ಹೀಗೇ. ಅವರು ಹೊಸಕೆರೆಹಳ್ಳಿ ಅಂತ ಓದುತ್ತಾರೆ, ನಾನು ಬೇಕು ಅನ್ನುತ್ತೇನೆ. ಈ ಸಲ ಅಮ್ಮ ಹೋಗಿ ವರ್ಷ ತುಂಬಿರಲಿಲ್ಲ. ತಾಯಿ ಹೋದ ವರ್ಷ ಮಗ ಹಬ್ಬ ಮಾಡುವ ಹಾಗಿಲ್ಲ, ಪೂಜೆ ಸಾಮಾನು ತಂದಿಟ್ಟಿರೋ ಕಡೆ ಹೋಗೋದು ಬೇಡ ಅಂತ ನಾನೇ ದೂರ ಉಳಿದೆ.

ಹಬ್ಬ ಕಳೆದು ಹೊಸ ಲ್ಯಾಪ್‌ಟಾಪಿಗೆ ಎಲ್ಲ ಇಳಿಸಿಕೊಂಡೆ. ಬ್ರಾಂಚು ಇರಲಿಲ್ಲ.

"ಹೊಸಕೆರೆಹಳ್ಳಿ ಎಲ್ಲಿ ಭಾವ?" ಅಂದೆ.

"ಆ ಅಂಗಡಿ ಮುಚ್ಚೋಯ್ತಲ್ಲ."

"ಬ್ರಾಂಚು."

"ತೆಗೆದೆ. ಓದಿದೆ, ಯಾರೂ ಬೇಕು ಅನ್ಲಿಲ್ಲ."

"ನಾನು ಇರ್ಲಿಲ್ಲ."

"ಅದ್ರಲ್ಲಿ ಏನಿತ್ತು?"

"ಎಕ್ಸ್‌ಪೈರಿ ರಿಟರ್ನ್. ಪೂರ್ತಿ."

ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮುಚ್ಚಿರೋ ಅಂಗಡಿ ಹೆಸರಲ್ಲಿ ಹೊಸ ಕೆಲಸ ಯಾಕಯ್ಯ ಮಾಡ್ತೀಯ? ಹೆಸರೇನು ಕಾಸು ಕೊಟ್ಟು ತರ್ಬೇಕಾ?"

"ಇನ್ನೊಬ್ಬರ ಕೆಲಸ ತೆಗೆಯೋ ಮುಂಚೆ ಒಂದು ಫೋನ್ ಮಾಡೋಕೆ ಕಾಸು ಕೊಡ್ಬೇಕಾ?"

ಮೇಡಂ ಎದ್ದು ನೀರು ತರೋಕೆ ಹೋದರು. ನೀರು ಅವರ ಮೇಜಿನ ಮೇಲೇ ಇತ್ತು.

ಅದಾದ ಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಒಂದೇ ರೂಮಿನಲ್ಲಿ ಕೂತು ಮೇಡಂ ಮೂಲಕ ಮಾತಾಡುತ್ತಿದ್ದೆವು. ನಾನು ಸರ್ವರಿನಲ್ಲಿ ಹುಡುಕಿದೆ. ಬ್ರಾಂಚು ಅಳಿಸಿದರೂ ಅದರ ಕಮಿಟ್‌ಗಳು ಸ್ವಲ್ಪ ಕಾಲ ಹೆಸರಿಲ್ಲದೆ ಬಿದ್ದಿರುತ್ತವೆ, ಹುಡುಕಿ ತೆಗೆದು ಮತ್ತೆ ಹೆಸರಿಡಬಹುದು. ಆದರೆ ಭಾವನ ಕೆಲಸ ಅರೆಬರೆ ಇರುವುದಿಲ್ಲ. ಜಾಗ ಮಾಡೋಕೆ ಅಂತ ಹೆಸರಿಲ್ಲದವನ್ನೂ ಗುಡಿಸಿ ಹಾಕಿದ್ದರು. ಬ್ಯಾಕಪ್ ಅದೇ ಸಂಜೆ, ಹಳೆಯದರ ಮೇಲೇ ತೆಗೆದಿದ್ದರು. ಲ್ಯಾಪ್‌ಟಾಪ್ ಅಂಗಡಿಗೆ ಫೋನ್ ಮಾಡಿದೆ. "ಅದು ಆವತ್ತೇ ಹೋಯ್ತು ಸಾರ್" ಅಂದರು. ಮೂರು ಅಂಗಡಿಗಳ ಮಾಲೀಕರು ದೀಪಾವಳಿ ಆದ ತಕ್ಷಣ ಬೇಕು, ಇಲ್ಲದಿದ್ದರೆ ಬೇರೆಯವರನ್ನ ನೋಡಿಕೊಳ್ತೀವಿ ಅಂದಿದ್ದರು. ನನಗೆ ಕೋಪ ಬರಬೇಕಿತ್ತು. ಬಂದಿದ್ದು ಒಂದು ದಿನದ ಮಟ್ಟಿಗೆ ಅಷ್ಟೆ. ಆಮೇಲೆ ಅದೂ ಇರಲಿಲ್ಲ.

ಅಕ್ಕ ಫೋನ್ ಮಾಡಿದಳು. "ಇಬ್ರೂ ಮಾತು ಬಿಟ್ಟಿದ್ದೀರಂತೆ. ಬಿಡಿ, ನಂಗೇನು. ಆದ್ರೆ ಈ ನಿಮ್ಮ ಕಂಪ್ಯೂಟರ್ ಯಾರಾದ್ರೂ ಒಬ್ರು ತಗೊಂಡೋಗಿ ಪುಣ್ಯ ಕಟ್ಕೊಳ್ಳಿ. ಅಮ್ಮನ ರೂಮು ತೊಳೀಬೇಕು ನಾನು. ಸುಮ್ನೆ ಬೆಡ್‌ಶೀಟ್ ಹೊದ್ಕೊಂಡು ಕೂತಿದೆ."

"ಅದನ್ನ ಆನ್ ಮಾಡಿದ್ರಾ?"

"ಯಾರು ಮಾಡ್ತಾರೆ? ಆವತ್ತು ಕಿತ್ತಿದ್ದು ಹಂಗೇ ಇದೆ."

ಫೋನ್ ಇಡುವಾಗ ಹೊಳೆಯಿತು, ಹೊಸಕೆರೆಹಳ್ಳಿ ಅದರಲ್ಲಿ ಇನ್ನೂ ಇರಬೇಕು. ನಮ್ಮ ಮಷೀನಿನಲ್ಲಿ ಸರ್ವರಿನ ಬ್ರಾಂಚು ಅಂತ ಕಾಣುತ್ತಲ್ಲ, ಅದು ಸರ್ವರಿನ ಬ್ರಾಂಚಲ್ಲ. ಕೊನೇ ಸಲ ಸರ್ವರನ್ನ ಕೇಳಿದಾಗ ಅದು ಎಲ್ಲಿಗೆ ಬಂದಿತ್ತೋ ಅದರ ಗುರುತು. ಅಲ್ಲಿ ಅಳಿಸಿದರೆ ಇಲ್ಲಿ ತಾನಾಗಿ ಅಳಿಯುವುದಿಲ್ಲ, ಮತ್ತೆ ಕೇಳುವ ತನಕ, ಅಲ್ಲಿವರೆಗಿನ ಕೆಲಸದ ಸಮೇತ ಇರುತ್ತದೆ. ಭಾವ ಆ ಕಂಪ್ಯೂಟರಿಗೆ, ಆನ್ ಆದ ಕೂಡಲೇ ಸರ್ವರನ್ನ ಕೇಳಿ ಅಲ್ಲಿಲ್ಲದ್ದನ್ನೆಲ್ಲ ಇಲ್ಲೂ ತೆಗೆದುಹಾಕು ಅಂತ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದರು. ಅಚ್ಚುಕಟ್ಟು ಮನುಷ್ಯ. ಅಂದರೆ ಯಾರಾದರೂ ಅದನ್ನ ಎತ್ತಿ ಹಾಲಿಗೆ ತಂದು, ಎಲ್ಲ ವೈರೂ ಚುಚ್ಚಿ ಆನ್ ಮಾಡಿದರೆ ಆ ಗುರುತೂ ಹೋಗುತ್ತದೆ.

ನಾನೇ ಮೊದಲು ಮಾತಾಡಬೇಕಾಯಿತು. ಅದು ನನಗೆ ಸುಲಭದ ಕೆಲಸವಲ್ಲ.

"ಭಾವ. ಮನೇಲಿರೋ ಸಿಸ್ಟಮ್ ಆನ್ ಮಾಡ್ಬೇಡಿ."

ಅವರು ತಿರುಗಿ ನೋಡಿದರು. ವಿವರಿಸೋ ಅಗತ್ಯ ಬೀಳಲಿಲ್ಲ. "ಅಯ್ಯೋ, ಸ್ಕ್ರಿಪ್ಟ್" ಅಂದರು, ಗಾಡಿ ಕೀ ತಗೊಂಡು ಎದ್ದರು.

ಕನಕಪುರ ರೋಡಿನ ಟ್ರಾಫಿಕ್ಕಿನಲ್ಲಿ ಅವರ ಹಿಂದೆ ಕೂತು ಅಂಜನಾಪುರಕ್ಕೆ ಹೋದೆ. ಅಮ್ಮನ ರೂಮಿನಲ್ಲಿ ಮಂಚ ಇರಲಿಲ್ಲ, ನೆಲದ ಮೇಲೆ ಅದರ ಕಾಲಿನ ಗುರುತಿತ್ತು. ಕರೆಂಟಿನ ವೈರ್ ಚುಚ್ಚಿದೆವು. ನೆಟ್ಟಿನ ವೈರ್ ನಾನು ಕೈಯಲ್ಲೇ ಹಿಡಿದುಕೊಂಡಿದ್ದೆ.

"ಅದೇನು ಹಾವಾ, ಹಂಗೆ ಹಿಡ್ಕೊಂಡಿದ್ದೀಯ?" ಅಂದಳು ಅಕ್ಕ ಬಾಗಿಲಲ್ಲಿ ನಿಂತು.

"ಸ್ವಲ್ಪ ಸುಮ್ನಿರೇ" ಅಂದರು ಭಾವ.

"ಸುಮ್ನೆ ಇದ್ದಿದ್ದಕ್ಕೇ ಇಷ್ಟಾಗಿದ್ದು."

ಮಷೀನ್ ಎದ್ದಿತು. ಸರ್ವರನ್ನ ಕೇಳೋಕೆ ಹೋಗಿ, ಸಿಗದೆ, ಕೆಂಪು ಅಕ್ಷರದಲ್ಲಿ ಎರರ್ ಹಾಕಿ ನಿಂತಿತು. ಬ್ರಾಂಚುಗಳ ಪಟ್ಟಿ ತೆಗೆದೆ. ಹೊಸಕೆರೆಹಳ್ಳಿ ಇತ್ತು. ಅದರಿಂದಲೇ ಆ ಮಷೀನಿನಲ್ಲಿ ಅದೇ ಹೆಸರಿನ ನಮ್ಮದೇ ಒಂದು ಬ್ರಾಂಚು ಮಾಡಿದೆ, ಇನ್ನು ಸರ್ವರ್ ಏನೇ ಹೇಳಿದರೂ ಅದು ಹೋಗುವುದಿಲ್ಲ. ಪೆನ್‌ಡ್ರೈವಿಗೂ ಒಂದು ಕಾಪಿ ಹಾಕಿದೆ. ಆಮೇಲೆ ಕೊನೆಯ ಕಮಿಟ್ ನೋಡಿದೆ. ಅಮ್ಮ ಹೋಗುವ ಹಿಂದಿನ ಮಧ್ಯಾಹ್ನದ್ದು. "ಬ್ಯಾಚ್ ನಂಬರ್ ಸರಿ ಹೋಯ್ತು, ಅಮ್ಮನ ಬಿಪಿ ಮಾತ್ರೆ ಹಾಕಿ ನೋಡಿದೆ" ಅಂತ ಬರೆದಿದ್ದೆ.

"ಇಷ್ಟೇನಾ?" ಅಂದರು ಭಾವ.

"ಇದು ಆಫ್ ಆಗೋ ತನಕ ಬಂದಿದ್ದು ಇಷ್ಟೇ. ಕತ್ತರಿಸಿದ ಸ್ಟ್ರಿಪ್ಪಿಂದು ಆಮೇಲೆ ಮಾಡಿದ್ದು."

"ಅದೊಂದೇ ತಾನೆ. ನೀನೇ ಬರೆದಿದ್ದಲ್ವಾ, ಮತ್ತೆ ಬರಿ."

"ಹೆಂಗೆ ಬರೆದೆ ಅಂತ ಗೊತ್ತಿಲ್ಲ ಭಾವ."

"ಅಂದ್ರೆ?"

"ಜ್ಞಾಪಕ ಇಲ್ಲ. ಒಂದು ಸಾಲೂ ಇಲ್ಲ."

ನಾನು ಮರೆಯೋ ಮನುಷ್ಯನಲ್ಲ. ಜೆರಾಕ್ಸ್ ಅಂಗಡಿಯ ಕಾಲದಿಂದ ಎಲ್ಲ ತಲೆಯಲ್ಲೇ ಇಟ್ಟುಕೊಂಡು ಬಂದವನು. ಅಮ್ಮನ ಮಂಚದ ಪಕ್ಕ ಬರೆದದ್ದು ಸಾಲುಸಾಲಾಗಿ ನೆನಪಿತ್ತು, ಯಾವ ಸಾಲು ಬರೆಯುವಾಗ ಅವಳು ನೀರು ಕೇಳಿದಳು ಅನ್ನೋದೂ ನೆನಪಿತ್ತು. ಅದಾದ ಮೇಲಿನದ್ದು ಬಿಳಿ ಗೋಡೆ. ಅಕ್ಕ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು ಕೀಬೋರ್ಡಿನ ಪಕ್ಕ ಇಟ್ಟಳು. ಅಮ್ಮನ ಮಾತ್ರೆ ಡಬ್ಬಿ. ಎಸೆದಿರಲಿಲ್ಲ.

"ಕತ್ತರಿಸಿರೋದು ಬೇಕು ಅಂದ್ರಲ್ಲ. ಇದ್ರಲ್ಲಿ ಎಲ್ಲಾ ಕತ್ತರಿಸಿರೋದೇ" ಅಂದಳು.

ಮೂರು ಜನ ನೆಲದ ಮೇಲೆ ಕೂತು ಅವನ್ನ ಹರಡಿದೆವು. ತಾರೀಖು ಇದ್ದ ತುಂಡು ಒಂದು ಕಡೆ, ಇಲ್ಲದ್ದು ಒಂದು ಕಡೆ. ಬಣ್ಣ ನೋಡಿ ಜೋಡಿಸೋಣ ಅಂದರು ಭಾವ. ಎರಡು ಬ್ಯಾಚಿಗೂ ಒಂದೇ ಬಣ್ಣ ಇತ್ತು. ತಾರೀಖಿಲ್ಲದ ತುದಿಯಿಂದ ಮಾತ್ರ ಕತ್ತರಿಸಬೇಕು ಅಂತ ಅಂಗಡಿಯವರಿಗೆ ಹೇಳಿಬಿಡಿ ಅಂದಳು ಅಕ್ಕ.

"ಹೇಳಿದ್ರೆ ಕೇಳ್ತಾರಾ?" ಅಂದೆ.

"ನೀವೇ ಕೇಳಲ್ಲ, ಅವ್ರು ಕೇಳ್ತಾರಾ" ಅಂತ ಅವಳೇ ಹೇಳಿಕೊಂಡಳು.

ಕೊನೆಗೆ ಹೊಳೆದದ್ದು ಇಷ್ಟು. ಬಿಡಿ ಮಾತ್ರೆ ಮಾರಿದಾಗ ಬಿಲ್ಲಿನ ಕೆಳಗೆ ಇನ್ನೊಂದು ಸಣ್ಣ ಚೀಟಿ ಪ್ರಿಂಟ್ ಆಗಬೇಕು, ಬ್ಯಾಚು ಮತ್ತು ತಾರೀಖು ಹಾಕಿ. ಅಂಗಡಿಯವನು ಅದನ್ನ ಹರಿದು, ಉಳಿದ ಅರ್ಧಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಡ್ರಾಯರಿಗೆ ಹಾಕಬೇಕು. ನಾನು ಅಲ್ಲೇ ಕೂತು ಬರೆಯೋಕೆ ಶುರು ಮಾಡಿದೆ, ಮುಂದಿನ ದಿನಗಳಲ್ಲೂ ಅಲ್ಲಿಗೇ ಹೋದೆ. ಮೊದಲ ಸಲ ಬರೆದದ್ದೂ ಇದೇನಾ, ಇದಕ್ಕಿಂತ ಚೆನ್ನಾಗಿತ್ತಾ, ನನಗೆ ಗೊತ್ತಿಲ್ಲ. ಕೈಗೆ ಎಲ್ಲೂ ಪರಿಚಯದ ಸಾಲು ಸಿಗಲಿಲ್ಲ.

ದೀಪಾವಳಿ ಆದ ಮೇಲೆ ಮೂರು ಅಂಗಡಿಗೂ ಹಾಕಿಕೊಟ್ಟೆವು. ಜಯನಗರದ ಅಂಗಡಿಯವರು ಚೀಟಿ ಹರಿದು ಹರಿದು ನೋಡಿ, "ಇದು ಆಗುತ್ತೆ ಬಿಡಿ ಸಾರ್" ಅಂದರು. ಆಫೀಸಿಗೆ ಬಂದು ಬ್ರಾಂಚನ್ನ ಮತ್ತೆ ಸರ್ವರಿಗೆ ಕಳಿಸಿ, ಎಲ್ಲವನ್ನೂ ಮೇನ್‌ಗೆ ಸೇರಿಸಿದೆ. ಸೇರಿದ ಮೇಲೆ ಬ್ರಾಂಚು ತೆಗೆಯೋದು ನಮ್ಮ ನಿಯಮ. ಭಾವ ಸರ್ವರಿನ ಮುಂದೆ ಕೂತಿದ್ದರು.

"ಹೊಸಕೆರೆಹಳ್ಳಿ" ಅಂತ ಗಟ್ಟಿಯಾಗಿ ಓದಿ, ನನ್ನ ಕಡೆ ತಿರುಗಿ ಕಾದರು.

ಬೇಕು ಅಂದಿದ್ದರೆ ಇಡುತ್ತಿದ್ದರು, ಒಂದು ಮಾತೂ ಆಡದೆ. ಅದು ನನಗೆ ಗೊತ್ತಿತ್ತು. ಒಳಗೆ ಏನಾದರೂ ಆಗುತ್ತದೇನೋ ಅಂತ ನಾನೂ ಕಾದೆ. ಕೆಳಗೆ ಯಾರದೋ ರಾಗಿ ಬೀಸುತ್ತಿದ್ದರು, ನೆಲ ಸಣ್ಣಗೆ ನಡುಗುತ್ತಿತ್ತು.

"ತೆಗೀರಿ" ಅಂದೆ.

ಅವರು ತೆಗೆದರು. ತಲಘಟ್ಟಪುರದ ಅಕ್ಕಿ ಮಂಡಿಯವರು ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದಾರೆ ಅಂತ ಮೇಡಂ ಹೇಳಿದರು. ನಾನು ಫೋನ್ ತಗೊಂಡೆ.