ನೀರು ಕೊಟ್ಟದ್ದು ಅವರಿಗೆ

ಕೆಳಗಿನ ಹೋಟೆಲಿನ ಯಜಮಾನರು ಹಾರ್ಟು ನಿಂತು ಸತ್ತರು ಎಂದು ಊರಿನವರು ಹೇಳುತ್ತಾರೆ. ಸುಳ್ಳು. ಅವರನ್ನು ಅವರದ್ದೇ ಹೋಟೆಲಿನಲ್ಲಿ, ಅವರು ದಿನಾ ಕೂರುವ ಮೇಜಿನಿಂದ ಎಬ್ಬಿಸಿದರು. ಅದರಿಂದ ಸತ್ತರು. ಎಬ್ಬಿಸುವಾಗ ನಾನು ಎದುರಿಗೇ ಕೂತಿದ್ದೆ. ಹಾಗಾಗಿ ನನಗೆ ಯಾರೂ ಡಾಕ್ಟರರು ಹೇಳಿದ್ದನ್ನು ಹೇಳಬೇಕಾಗಿಲ್ಲ.

ಇದೆಲ್ಲ ಈಗ ಮತ್ತೆ ತಲೆಗೆ ಬಂದದ್ದು ಒಂದು ಸಾಬೂನಿನಿಂದ. ಕಳೆದ ಭಾನುವಾರ ಮೊಮ್ಮಗಳು ಮಂಗಳೂರಿನಿಂದ ಬಂದವಳು, “ಇವತ್ತು ಒಲೆಯ ಬುಡಕ್ಕೆ ಹೋಗುದು ಬೇಡ ಅಜ್ಜಿ, ಕೆಳಗಿನ ಹೋಟೆಲಿಗೆ ಹೋಗುವ” ಎಂದು ಹಟ ಹಿಡಿದಳು. ಬದಿಯಡ್ಕ ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿರುವ ಹೋಟೆಲು. ನಮ್ಮ ಮನೆ ಅದರ ಹಿಂದಿನ ಗುಡ್ಡದ ಮೇಲೆ. ಅವರನ್ನು ಎಬ್ಬಿಸಿದ ದಿನದಿಂದ ನಾನು ಅಲ್ಲಿಯ ಮೆಟ್ಟಿಲು ಹತ್ತಿರಲಿಲ್ಲ. ಆ ಕತೆ ಮೊಮ್ಮಗಳಿಗೆ ಗೊತ್ತಿಲ್ಲ. ಅವಳ ಆಸೆಗೆ ಇಲ್ಲ ಎನ್ನಲಾಗದೆ ಹೋದೆ. ಕೈ ತೊಳೆಯುವಲ್ಲಿ ಒತ್ತಿದರೆ ಬರುವ ಹಸಿರು ಸಾಬೂನು ಇಟ್ಟಿದ್ದರು. ಅದಕ್ಕೆ ಲಾವಂಚದ ವಾಸನೆ...

ಆ ವಾಸನೆ ಹಿಂದೆ ಈ ಹೋಟೆಲಿನ ಕುಡಿಯುವ ನೀರಿಗೆ ಇತ್ತು. ಈಗ ಕೈ ತೊಳೆಯುವುದಕ್ಕೆ ಇಳಿದಿದೆ.

ಅವರನ್ನು ನಾವೆಲ್ಲ ‘ಹೋಟೆಲಿನವರು’ ಎಂದೇ ಹೇಳುತ್ತಿದ್ದದ್ದು. ಮದುವೆ ಇಲ್ಲ, ಮಕ್ಕಳಿಲ್ಲ. ಬಾಯಿ ಬಹಳ ಕೆಟ್ಟದು. ಒಳ್ಳೆಯ ಮನುಷ್ಯ ಎಂದು ಯಾರಾದರೂ ಹೇಳಿದರೆ ಅವರಿಗೂ ಬೈಗಳು ಸಿಗುತ್ತಿತ್ತು. ಆದರೆ ಹೋಟೆಲಿನಲ್ಲಿ ಒಂದು ಕ್ರಮ ಇಟ್ಟಿದ್ದರು. ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ನೀರು, ಬೆಲ್ಲ. ಬಂದ ಸಂಗತಿ ಆಮೇಲೆ. ಅವರ ಹೋಟೆಲಿನಲ್ಲೂ ಹಾಗೆಯೇ. ಮೆಟ್ಟಿಲು ಹತ್ತಿದವನ ಮುಂದೆ ಲಾವಂಚದ ಬೇರು ಹಾಕಿದ ನೀರು, ಒಂದು ತುಂಡು ಬೆಲ್ಲ ಇಡಬೇಕು. ಎಂತ ಬೇಕು ಎಂದು ಕೇಳುವುದು ಅವನು ಲೋಟ ಕೆಳಗಿಟ್ಟ ನಂತರವೇ. ನೀರು ಕುಡಿದು ಹಾಗೆಯೇ ಎದ್ದು ಹೋದರೂ ಮುಖ ಸಿಂಡರಿಸಬಾರದು. ಲೋಟದ ಬಾಯಿಗೆ ಬೆರಳು ಹಾಕಿ ಹಿಡಿದವನಿಗೆ ಮಾತ್ರ ಅಲ್ಲಿ ಕ್ಷಮೆ ಇರಲಿಲ್ಲ.

ಒಮ್ಮೆ ಕಲ್ಲು ಕೋರೆಯಲ್ಲಿ ಕೆಂಪುಕಲ್ಲು ಕಡಿಯುವ ಒಬ್ಬ ಬಂದು ಕೂತ. ಮೈಯೆಲ್ಲ ಕೆಂಪು ಹುಡಿ. ನೀರು ತಂದವನು ನಗಾಡುತ್ತಾ, “ಎಂತ ಮಾರಾಯ, ದಿನಾ ನೀರು ಮಾತ್ರವಾ? ಹೊಟ್ಟೆಯಲ್ಲಿ ಮೀನು ಸಾಕಿದ್ದೀಯಾ?” ಎಂದ. ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಹೋಟೆಲಿನವರು ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದರು. “ಅವನು ಮೀನಾದರೂ ಸಾಕಲಿ, ಮೊಸಳೆಯಾದರೂ ಸಾಕಲಿ. ನಿನಗೆ ಸಂಬಳ ಇರುದು ನೀರು ಕೊಡ್ಲಿಕ್ಕೆ. ಅಂಗಿ ಬದಲಿಸಿ ಹೊರಡು” ಎಂದು ಅವನನ್ನು ಅಲ್ಲಿಂದಲೇ ಕಳಿಸಿದರು. ಆ ಕೋರೆಯವನು ಆಮೇಲೆ ಮಗಳ ಮದುವೆಯ ದಿಬ್ಬಣದವರಿಗೆಲ್ಲ ಬೆಳಗ್ಗಿನ ತಿಂಡಿ ಅಲ್ಲಿಯೇ ಹೇಳಿದ. ಹೋಟೆಲು ನಡೆಯುವುದು ಹೀಗೆ. ಅದಕ್ಕೆ ದುಬೈಗೆ ಹೋಗಿ ಕಲಿಯಬೇಕೆಂದಿಲ್ಲ.

ಆ ನೀರು ನನ್ನದು. ಹೋಟೆಲಿನ ಬಾವಿ ಬೇಸಗೆಗೆ ಬತ್ತುತ್ತದೆ. ನಮ್ಮ ಹಿತ್ತಿಲಿನಲ್ಲಿ ನನ್ನ ಗಂಡ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಸುರಂಗ ಉಂಟು. ಅದರಲ್ಲಿ ಬೇಸಗೆಯಲ್ಲೂ ನೀರು ಬತ್ತುವುದಿಲ್ಲ. ಒಂದು ಬೇಸಗೆ ಹೋಟೆಲಿನವರು ಗುಡ್ಡ ಹತ್ತಿ ಬಂದು ಅಂಗಳದಲ್ಲಿ ನಿಂತರು. ನೀರು ಕೇಳುವುದಕ್ಕೆ ಅವರಿಗೆ ನಾಚಿಕೆ. ನಾನೇ ಹೇಳಿದೆ:

“ಕೊಡುವ ಅಣ್ಣ. ಪೈಪು ಹಾಕಿಸಿಕೊಳ್ಳಿ. ಆದರೆ ಕುಡಿಯುವ ನೀರಿಗೆ ನಿಮ್ಮ ಹೋಟೆಲಿನಲ್ಲಿ ಕ್ರಯ ಕೇಳಿದ ದಿನ ನಾನು ಆ ಪೈಪು ಕಡಿಯುತ್ತೇನೆ.”

“ಕಡೀರಿ ಅಕ್ಕ. ಕತ್ತಿ ನಾನೇ ಮಸೆದು ಕೊಡ್ತೇನೆ.”

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ ಇರಬೇಕು...

ಮಂಡಿ ಹಿಡಿದ ಮೇಲೆ ಅವರು ಹೋಟೆಲನ್ನು ತಂಗಿಯ ಮಗನಿಗೆ ಬಿಟ್ಟುಕೊಟ್ಟರು. ಅವನು ಗಲ್ಫಿನಲ್ಲಿ ದೊಡ್ಡ ಹೋಟೆಲಿನಲ್ಲಿ ಇದ್ದವನು. ಬಂದವನೇ ಬೆಂಚು ತೆಗೆಸಿದ, ಗಾಜು ಹಾಕಿಸಿದ, ಟೈ ಕಟ್ಟಿದ ಸೂಪರ್‌ವೈಸರ್ ಒಬ್ಬನನ್ನು ತಂದ. ಊಟ ಮಾಡದವರು ಕೂರಬಾರದು, ಒಬ್ಬರೇ ಬಂದವರು ದೊಡ್ಡ ಮೇಜಿಗೆ ಹೋಗಬಾರದು ಎಂದು ಗೋಡೆಗೆ ಬೋರ್ಡು. ಹೋಟೆಲಿನವರು ಅದನ್ನು ಓದಿದರು. ಬಿಟ್ಟುಕೊಟ್ಟ ಮೇಲೆ ಬಾಯಿ ಹಾಕಬಾರದು ಎನ್ನುವುದೂ ಅವರ ಒಂದು ಕ್ರಮ. ದಿನಾ ಬಂದು ಮೂಲೆಯ ಮೇಜಿನಲ್ಲಿ ಒಂದು ಲೋಟ ನೀರು ಇಟ್ಟುಕೊಂಡು ಬಂದವರ ಮುಖ ನೋಡುತ್ತಾ ಕೂರುತ್ತಿದ್ದರು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಒಂದು ಮಧ್ಯಾಹ್ನ ಜನ ಜಾಸ್ತಿ ಇತ್ತು. ನಾನು ಪೇಟೆಗೆ ಬಂದವಳು ಅವರ ಎದುರು ಕೂತು ಊಟ ಮಾಡುತ್ತಿದ್ದೆ. ಟೈಯವನು ಬಂದ. ಕೆಲಸಕ್ಕೆ ಹೊಸಬ, ಅವರು ಯಾರೆಂದು ಗೊತ್ತಿಲ್ಲ.

“ಅಜ್ಜ, ನಿಮ್ಮದು ಊಟ ಉಂಟಾ?”

“ಇಲ್ಲ.”

“ಹಾಗಾದ್ರೆ ಏಳಬೇಕು. ಸುಮ್ಮನೆ ಕೂರ್ಲಿಕ್ಕೆ ಇಲ್ಲ ಇಲ್ಲಿ. ರೂಲ್ಸ್.”

ಟೈಯವನ ಮೇಲೆ ನನಗೆ ಸಿಟ್ಟಿಲ್ಲ. ಹೋಟೆಲಿನವರು ಕ್ಯಾಶಿನ ಕಡೆ ನೋಡಿದರು. ತಂಗಿಯ ಮಗ ಅಲ್ಲಿಯೇ ಇದ್ದ. ಎಲ್ಲ ಕಂಡಿದ್ದ. ಒಂದು ಮಾತು, ‘ನಮ್ಮ ಮಾವ’ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವನು ತಲೆ ತಗ್ಗಿಸಿ ಮೊಬೈಲು ಒರೆಸತೊಡಗಿದ.

ಅವರು ಎದ್ದರು. ಟೈಯವನು ಅವರ ಲೋಟ ಎತ್ತಿದ. ಅವರು ಅವನ ಕೈ ನೋಡಿ, “ಬಾಯಿಗೆ ಬೆರಳು ಹಾಕಬೇಡ” ಎಂದರು. ಆ ಹೋಟೆಲಿನಲ್ಲಿ ಅವರು ಆಡಿದ ಕೊನೆಯ ಮಾತು ಅದು.

ನಾನು ಅರ್ಧ ಊಟ ಬಿಟ್ಟು ಅವರ ಹಿಂದೆ ಇಳಿದೆ. “ಇವತ್ತೇ ಪೈಪು ಕಡಿದು ಬಿಸಾಡ್ತೇನೆ” ಎಂದೆ. ಅವರು ರಸ್ತೆಯ ಬದಿಯಲ್ಲಿ ನಿಂತು ಉಸಿರು ತೆಗೆದುಕೊಂಡರು. “ಬೇಡ ಅಕ್ಕ. ನೀರು ಕುಡಿಯುವವರು ಎಂತ ಮಾಡಿದ್ದಾರೆ? ಅವರಿಗೆ ಸಿಗುವಷ್ಟು ದಿನ ಮುಟ್ಟಬೇಡಿ.”

ಅದಾಗಿ ಬಂದ ಮಳೆಗಾಲವನ್ನು ಅವರು ನೋಡಲಿಲ್ಲ. ನಾನು ಮಾತಿಗೆ ಕಟ್ಟುಬಿದ್ದು ಇಷ್ಟು ವರ್ಷ ಹಲ್ಲು ಕಚ್ಚಿ ಕೂತೆ.

ಭಾನುವಾರ ಕೈ ತೊಳೆದು ಬಂದು ಕೂತರೆ ಮೇಜಿನ ಮೇಲೆ ಮುಚ್ಚಳ ತೆಗೆಯದ ಬಾಟಲಿ. ನಾನು ಲೋಟದಲ್ಲಿ ನೀರು ಕೇಳಿದೆ. “ಸಾದಾ ನೀರು ಕೊಡ್ಲಿಕ್ಕಿಲ್ಲ ಅಜ್ಜಿ, ಬಾಟಲಿ ಮಾತ್ರ” ಎಂದ ಬಡಿಸುವವನು. ತಲೆ ಎತ್ತಿದರೆ ಕ್ಯಾಶಿನ ಮೇಲೆ ಗೋಡೆಯಲ್ಲಿ ಹೋಟೆಲಿನವರ ಫೋಟೊ, ಪ್ಲಾಸ್ಟಿಕ್ ಹೂವಿನ ಮಾಲೆ, ಅದರ ಅಡಿಯಲ್ಲಿ ‘ಅತಿಥಿ ದೇವೋ ಭವ’. ಕೂರಲು ಬಿಡದವರನ್ನು ಗೋಡೆಗೆ ತೂಗು ಹಾಕಿದ್ದಾರೆ.

ಹೊರಡುವಾಗ ಕ್ಯಾಶಿನಲ್ಲಿದ್ದ ತಂಗಿಯ ಮಗನನ್ನು ಕೇಳಿದೆ, “ನೀರು ಕೊಡುವ ಕ್ರಮ ನಿಲ್ಲಿಸಿದ್ದೀಯಾ ಮಗಾ?”

“ಫ್ರೀ ನೀರು ಇಟ್ರೆ ಸುಮ್ಮನೆ ಬಂದು ಕೂರುವವರೇ ಜಾಸ್ತಿ ಅಜ್ಜಿ. ಮಾವನ ಕಾಲ ಹೋಯ್ತಲ್ಲ.”

“ಅಡುಗೆಗೆ ಯಾವ ನೀರು?”

“ಅದು ನಿಮ್ಮದೇ. ಒಳ್ಳೆ ನೀರು, ಫಿಲ್ಟರೂ ಬೇಡ” ಎಂದು ನಕ್ಕ.

ನಾನೂ ನಕ್ಕೆ. ಗುಡ್ಡ ಹತ್ತುವಾಗ ಮೊಮ್ಮಗಳು ಕೇಳಿದಳು, “ಊಟ ಹೇಗಿತ್ತು ಅಜ್ಜಿ?” “ಒಳ್ಳೆದಿತ್ತು. ನಾಳೆಗೆ ಇರುದಿಲ್ಲ” ಎಂದೆ.

ಮರುದಿನ ಬೆಳಗ್ಗೆ ಕಾಫಿ ಕುಡಿದು ಕತ್ತಿ ತೆಗೆದೆ. ಮಸೆದು ಕೊಡುತ್ತೇನೆ ಎಂದವರು ಇಲ್ಲ. ಒಗೆಯುವ ಕಲ್ಲಿನ ಮೇಲೆ ನಾನೇ ಮಸೆದೆ. ಸುರಂಗದ ನೀರು ತುಂಬುವ ಟಾಂಕಿಯ ಬುಡದಲ್ಲಿ ಪೈಪಿಗೆ ಹೊಡೆದೆ. ಹಳೆಯ ಪೈಪು, ಒಂದೇ ಏಟಿಗೆ ತುಂಡಾಯಿತು. ಹೋಟೆಲಿಗೆ ಹೋಗುವ ನೀರು ಹಿತ್ತಿಲಿನ ತೋಡಿಗೆ ಹರಿಯಿತು.

ಪೇಟೆಗೆ ಮೊದಲ ಬಸ್ಸುಗಳು ಬರುವ ಹೊತ್ತಿಗೆ ತಂಗಿಯ ಮಗ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದ. “ಅಜ್ಜಿ, ನೀರೇ ಬರುದಿಲ್ಲ. ಬಾವಿ ಬತ್ತಿದೆ, ಅಕ್ಕಿ ತೊಳೀಲಿಕ್ಕೆ ಸಹ ಇಲ್ಲ.”

“ಬಾಟಲಿ ಉಂಟಲ್ಲ. ಅದರಲ್ಲಿ ತೊಳೆ.”

ಅವನು ನನ್ನ ಕೈಯ ಕತ್ತಿ ನೋಡಿದ, ತೋಡು ನೋಡಿದ. ಬೆವರು ಒರೆಸಿಕೊಂಡು ಚಾವಡಿಯ ಕಡೆ ನೋಡಿದ. ಕೂರು ಎಂದು ನಾನು ಹೇಳಲಿಲ್ಲ. ನೀರು, ಬೆಲ್ಲ ತರಲಿಲ್ಲ. ಈ ಅಂಗಳಕ್ಕೆ ಬಂದವನೊಬ್ಬನನ್ನು ಬಾಯಾರಿದ ಹಾಗೆಯೇ ನಿಲ್ಲಿಸಿದ್ದು ಅದೇ ಮೊದಲು. ಹೋಟೆಲಿನವರು ನೋಡಿದ್ದರೆ ನನಗೂ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು... ಬೈಯಲಿಕ್ಕೆ ಅವರಿಲ್ಲ. ಅವನು ಇಳಿದು ಹೋಗುವವರೆಗೆ ನಾನು ಬಾಗಿಲಿಗೆ ಅಡ್ಡ ನಿಂತೇ ಇದ್ದೆ.